ಕಡಲಿನ ಲೆಕ್ಕ ಬರೆಸಿದ ಪಣಿಕ್ಕರ್

ನಾಸಿಕದ ಮಕ್ಕಳಾದ ನಿಮಗೆ ಗೋದಾವರಿಯ ಪರಿಚಯ ಬೇಕಿಲ್ಲ. ತ್ರ್ಯಂಬಕದಲ್ಲಿ ಹುಟ್ಟಿ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣವನ್ನು ಹಾದು, ಪೂರ್ವ ಸಮುದ್ರವನ್ನು ಸೇರುವ ಆ ನದಿಯು ನೀರಿನೊಡನೆ ನೆಲದ ಸಾರವನ್ನೂ ಕಡಲಿಗೆ ಒಯ್ಯುತ್ತದೆ. ಇಂತಹ ಸಾರದಿಂದ ಬೆಳೆಯುವ, ನೀರು ಒಯ್ದತ್ತ ತೇಲುವ ಸೂಕ್ಷ್ಮ ಸಸ್ಯಗಳಿಗೂ, ಅವುಗಳನ್ನು ತಿಂದು ಬದುಕುವ ಕಿರುಪ್ರಾಣಿಗಳಿಗೂ ಪ್ಲವಕಗಳೆಂದು ಹೆಸರು. ಕಡಲಿನ ಮೀನುಗಳಿಗೆ ಇವೇ ಮೂಲ ಆಹಾರ. ನಮ್ಮ ದೇಶದಲ್ಲಿ ಇವುಗಳ ಅಧ್ಯಯನಕ್ಕೆ ನೆಲೆ ಕಟ್ಟಿಕೊಟ್ಟ ಮಹನೀಯರಲ್ಲಿ ಒಬ್ಬರ ಚರಿತ್ರೆಯನ್ನು ಇಲ್ಲಿ ಹೇಳಬಯಸುತ್ತೇವೆ.

ಎನ್. ಕೇಶವ ಪಣಿಕ್ಕರ್ ಅವರು 1913ರಲ್ಲಿ ಕೇರಳದಲ್ಲಿ ಜನಿಸಿದರು. ಪ್ರಾಣಿಶಾಸ್ತ್ರದಲ್ಲಿ ಪರಿಣತಿ ಪಡೆದು ಇಂಗ್ಲೆಂಡಿನ ಪ್ಲಿಮತ್ ಪ್ರಯೋಗಾಲಯಕ್ಕೆ ತೆರಳಿದರು. ಉಪ್ಪುನೀರು ಸಿಹಿನೀರುಗಳು ಬೆರೆಯುವ ಕಡೆ ಸಿಗಡಿಯು ತನ್ನ ಮೈಯ ಲವಣವನ್ನು ಹೇಗೆ ಹದದಲ್ಲಿ ಇಟ್ಟುಕೊಳ್ಳುತ್ತದೆ ಎಂಬುದನ್ನು ಅಲ್ಲಿ ಪರೀಕ್ಷಿಸಿ 1941ರಲ್ಲಿ ಪ್ರಕಟಿಸಿದರು.

ಅದೇ ದಶಕದಲ್ಲಿ ಮಲಬಾರ್ ಕರಾವಳಿಯಲ್ಲಿ ಬೂತಾಯಿ ಮೀನಿನ ಫಸಲು ತೀರ ಕುಸಿಯಿತು. ಕರಾವಳಿಯಿಂದ ಬಂದ ನಮಗೆ ಮೀನು ಬಾರದ ವರ್ಷದಲ್ಲಿ ಬೆಸ್ತರ ಕೇರಿ ಹೇಗಿರುತ್ತದೆಂಬುದು ಗೊತ್ತು. ದೋಣಿಗಳು ಮರಳಿನ ಮೇಲೆ ಉಳಿಯುತ್ತವೆ, ಮಕ್ಕಳ ಶಾಲೆ ತಪ್ಪುತ್ತದೆ. ಮೀನು ಏಕೆ ಬರಲಿಲ್ಲವೆಂದು ತಿಳಿಯಬೇಕಾದರೆ ಮೀನಿನ ಆಹಾರದ ಲೆಕ್ಕ ಬೇಕು. ಆ ಲೆಕ್ಕ ಆಗ ಬಹಳ ಅಲ್ಪವಾಗಿತ್ತು.

1947ರಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನ ಸಂಸ್ಥೆ ಸ್ಥಾಪನೆಯಾಯಿತು. 1950ರ ದಶಕದಲ್ಲಿ ಪಣಿಕ್ಕರ್ ಅವರು ಮಂಡಪದಲ್ಲಿದ್ದು ಅದನ್ನು ನಡೆಸಿದರು. ಆ ಸಂಸ್ಥೆಯ ಕಲ್ಲಿಕೋಟೆ ಕೇಂದ್ರದಲ್ಲಿ ಆರ್. ಸುಬ್ರಹ್ಮಣ್ಯನ್ ಅವರು ಸಸ್ಯಪ್ಲವಕಗಳನ್ನು ವರ್ಷಗಟ್ಟಲೆ ಎಣಿಸಿ 1959ರಲ್ಲಿ ಫಲವನ್ನು ಪ್ರಕಟಿಸಿದರು. ನೈಋತ್ಯ ಮಳೆಗಾಲದಲ್ಲಿ ಆಳದ ತಣ್ಣನೆಯ ಸಾರವತ್ತಾದ ನೀರು ಪಶ್ಚಿಮ ಕರಾವಳಿಯಲ್ಲಿ ಮೇಲೇಳುತ್ತದೆ. ಆಗ ಡಯಾಟಮ್ ಎಂಬ ಸೂಕ್ಷ್ಮ ಸಸ್ಯಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಬೂತಾಯಿ ಅವನ್ನು ಮೇಯುತ್ತದೆ. ಬೇಸಗೆಯ ಶಾಂತ ಜಲದಲ್ಲಿಯಾದರೋ ಟ್ರೈಕೋಡೆಸ್ಮಿಯಮ್ ಮರದ ಹೊಟ್ಟಿನಂತೆ ಹರಡುತ್ತದೆ. ಹೀಗೆ ತಿಂಗಳಿಂದ ತಿಂಗಳಿಗೆ, ವರ್ಷದಿಂದ ವರ್ಷಕ್ಕೆ ಈ ಸಮುದಾಯ ಬದಲಾಗುವುದರಿಂದ ಒಂದು ದಿನದ ಎಣಿಕೆಯಿಂದ ಕಡಲನ್ನು ಅರಿಯಲಾಗದು.

ಮುಂದೆ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆ ನಡೆದು 1965ರಲ್ಲಿ ಮುಗಿಯಿತು. ಅನೇಕ ರಾಷ್ಟ್ರಗಳ 40ಕ್ಕೂ ಹೆಚ್ಚು ಹಡಗುಗಳು ಅದರಲ್ಲಿದ್ದವು. ನಮ್ಮ ನೌಕಾಪಡೆಯ ಕಿಸ್ತ್ನಾ ಅವುಗಳಲ್ಲೊಂದು. ಭಾರತದ ಕಾರ್ಯಕ್ರಮದ ಹೊಣೆ ಪಣಿಕ್ಕರ್ ಅವರ ಮೇಲೆ ಬಿತ್ತು. ಒಬ್ಬೊಬ್ಬರು ಒಂದೊಂದು ಬಲೆ ಬೀಸಿದರೆ ಲೆಕ್ಕಗಳನ್ನು ಹೋಲಿಸುವುದು ಹೇಗೆ? ಆದ್ದರಿಂದ ಒಂದೇ ಮಾದರಿಯ ಬಲೆಯನ್ನು ಗೊತ್ತುಮಾಡಿ, ಅದನ್ನು 200 ಮೀಟರ್ ಆಳದಿಂದ ಮೇಲಕ್ಕೆ ಎಳೆಯುವ ಕ್ರಮವನ್ನಿಟ್ಟರು. ಸಿಕ್ಕ ಪ್ರಾಣಿಪ್ಲವಕಗಳನ್ನು ವಿಂಗಡಿಸಲು ಯುನೆಸ್ಕೋ ನೆರವಿನಿಂದ ಕೊಚ್ಚಿಯಲ್ಲಿ ಕೇಂದ್ರವೊಂದು ಏರ್ಪಟ್ಟಿತು. ಅಲ್ಲಿ ಭಾರತೀಯ ತರುಣರು ಸೂಕ್ಷ್ಮದರ್ಶಕದ ಮುಂದೆ ಕುಳಿತು ಆ ಜೀವಿಗಳನ್ನು ಗುಂಪುವಾರು ಬೇರ್ಪಡಿಸಿದರು.

1966ರ ಜನವರಿ 1ರಂದು ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹುಟ್ಟಿತು. ಪಣಿಕ್ಕರ್ ಅವರೇ ಅದರ ಮೊದಲ ನಿರ್ದೇಶಕರು. ಗೋವೆಯ ದೋನಾ ಪಾವುಲದಲ್ಲಿ ಇಂದಿಗೂ ಅದು ಕೆಲಸಮಾಡುತ್ತಿದೆ. 1977ರಲ್ಲಿ ಅವರು ದಿವಂಗತರಾದರು.

ಇಂದು ಅರಬ್ಬೀ ಸಮುದ್ರ ಬಿಸಿಯೇರುತ್ತಿದೆ. ಅದರಿಂದ ಪ್ಲವಕಗಳಲ್ಲಿ ಏನು ಬದಲಾಯಿತೆಂದು ಹೇಳಲು ಹಿಂದೆ ಏನಿತ್ತೆಂಬುದು ತಿಳಿದಿರಬೇಕು. 2015ರಲ್ಲಿ ಗೋವೆಯಿಂದ ಎರಡನೆಯ ಶೋಧಯಾತ್ರೆ ಆರಂಭವಾದಾಗ ಅದಕ್ಕೆ ಮೊದಲ ಯಾತ್ರೆಯ ಲೆಕ್ಕವೇ ಹಿನ್ನೆಲೆಯಾಯಿತು.

ವಿದ್ಯಾರ್ಥಿಗಳೇ, ಎಣಿಸಿ ಬರೆದಿಡುವುದು ಬೇಸರದ ಕೆಲಸವೆಂದು ನೀವು ಗೊಣಗುವುದನ್ನು ನಾವು ಕೇಳಿದ್ದೇವೆ. ಅಂದು ಆ ಬೇಸರವನ್ನು ಗೆದ್ದು ಎಣಿಸಿದವರಿದ್ದುದರಿಂದಲೇ ಇಂದು ನಾವು ಕಡಲಿನ ಬದಲಾವಣೆಯನ್ನು ಅಳೆಯಬಲ್ಲೆವು. ನಿಮ್ಮ ಪ್ರಯೋಗದ ವಹಿಯನ್ನು ತೆರೆಯುವಾಗ ಪಣಿಕ್ಕರ್ ಅವರನ್ನು ಒಮ್ಮೆ ನೆನೆಯಿರಿ.