ಪಾಚಿಗೆ ಹೆಸರು ಕೊಟ್ಟ ಮೇಷ್ಟ್ರು: ಎಂ.ಓ.ಪಿ. ಅಯ್ಯಂಗಾರ್

ಶ್ರೀರಾಮನಗರದ ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಗೆ ನಾನು ಆರಿಸಿಕೊಂಡ ವಿಷಯ ಶೈವಲಗಳು. ನೀರು ನಿಂತ ಭತ್ತದ ಗದ್ದೆಯಲ್ಲಿ ಪಾಚಿಯನ್ನು ದಿನವೂ ನೋಡುವ ಮಕ್ಕಳಿಗೆ, ಅದನ್ನು ಓದುವುದರಲ್ಲಿ ಏನಿದೆ ಎಂಬ ಅನುಮಾನ. ಅದಕ್ಕೆ ಉತ್ತರವಾಗಿ ನಾನು ಒಬ್ಬ ವಿಜ್ಞಾನಿಯ ಜೀವನವನ್ನು ಹೇಳಿದೆ.

ಮಂಡಯಂ ಓಸೂರಿ ಪಾರ್ಥಸಾರಥಿ ಅಯ್ಯಂಗಾರ್ 1886ರಲ್ಲಿ ಮದ್ರಾಸಿನಲ್ಲಿ ಹುಟ್ಟಿದರು. ಹೆಸರಿನಲ್ಲಿರುವ ಮಂಡಯಂ ನಮ್ಮ ಮಂಡ್ಯ, ಮೇಲುಕೋಟೆ ಸೀಮೆಯ ಶ್ರೀವೈಷ್ಣವ ಮನೆತನಗಳ ಗುರುತು. 1909ರಲ್ಲಿ ಎಂ.ಎ. ಮುಗಿಸಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದರು. 1911ರಲ್ಲಿ ಸೈದಾಪೇಟೆಯ ಶಿಕ್ಷಕರ ಕಾಲೇಜಿನಲ್ಲಿ ಉಪನ್ಯಾಸಕರಾದರು. ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೆ ಪಾಠ ಹೇಳಿದವರು ಅವರು! 1920ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರಾದರು.

ಮನ್ನಾರ್ ಖಾರಿಯ ಕ್ರುಸಡೈ ದ್ವೀಪದ ಸಸ್ಯಗಳ ಬಗ್ಗೆ 1927ರಲ್ಲಿ ಬರೆದರು. ಲಂಡನ್ನಿನಲ್ಲಿ ಫ್ರಿಟ್ಶ್ ಅವರ ಬಳಿ ಸಂಶೋಧನೆ ಮಾಡಿ 1930ರಲ್ಲಿ ಪಿಎಚ್.ಡಿ. ಪಡೆದರು. 1932ರಲ್ಲಿ ತಾವು ವಿವರಿಸಿದ ನೆಲದ ಶೈವಲವೊಂದಕ್ಕೆ ಗುರುವಿನ ನೆನಪಿಗೆ ಫ್ರಿಟ್ಶಿಯೆಲ್ಲ ಎಂದು ಹೆಸರಿಟ್ಟರು. ಟಿ.ವಿ. ದೇಶಿಕಾಚಾರಿ ಇವರ ಶಿಷ್ಯರು. ಭಾರತೀಯ ಶೈವಲಶಾಸ್ತ್ರದ ಪಿತಾಮಹರೆನಿಸಿ 1963ರಲ್ಲಿ ತೀರಿಕೊಂಡರು.

ಎಣ್ಣೆ ತೆಗೆಯುವುದು ಅವರ ವಿಷಯವಾಗಿರಲಿಲ್ಲ. ಆದರೆ ಯಾವ ಶೈವಲ ಯಾವುದು ಎಂದು ಗುರುತಿಸದೆ ಎಣ್ಣೆಯ ಮಾತೇ ಇಲ್ಲ. ಫ್ರಿಟ್ಶ್ ಅವರ ವರ್ಗೀಕರಣದಲ್ಲಿ ಜೀವಕೋಶ ಕೂಡಿಡುವ ಆಹಾರವೂ ಒಂದು ಆಧಾರ. ಹಸಿರು ಶೈವಲ ಮುಖ್ಯವಾಗಿ ಪಿಷ್ಟವನ್ನು ಕೂಡಿಡುತ್ತದೆ. ಅಯೋಡಿನ್ ಹಾಕಿದರೆ ಕಡುನೀಲಿಯಾಗುತ್ತದೆ. ಡಯಾಟಮ್‌ಗಳಲ್ಲಿ ಪಿಷ್ಟವಿಲ್ಲ, ಎಣ್ಣೆಯ ಹನಿಗಳಿರುತ್ತವೆ.

ಆ ಎಣ್ಣೆ ಆಗುವ ಬಗೆಯನ್ನು ಕಪ್ಪುಹಲಗೆಯ ಮೇಲೆ ಹೀಗೆ ಬರೆದೆ. ದ್ಯುತಿಸಂಶ್ಲೇಷಣೆಯಿಂದ ಬಂದ ಇಂಗಾಲದಿಂದ ಕ್ಲೋರೋಪ್ಲಾಸ್ಟ್‌ನಲ್ಲಿ ಎರಡು ಇಂಗಾಲದ ತುಣುಕು ತಯಾರಾಗುತ್ತದೆ. ಅದಕ್ಕೆ ಪ್ರತಿ ಸುತ್ತಿಗೆ ಇನ್ನೆರಡು ಇಂಗಾಲ ಸೇರುತ್ತವೆ. ಏಳು ಸುತ್ತಾದರೆ 16 ಇಂಗಾಲದ ಕೊಬ್ಬಿನ ಆಮ್ಲ. ಅಂಥ ಮೂರು ಸರಪಳಿಗಳು ಒಂದು ಗ್ಲಿಸರಾಲ್‌ಗೆ ಕೂಡಿಕೊಂಡರೆ ಎಣ್ಣೆಯ ಒಂದು ಅಣು.

ಯೂರಿಯಾ ಸಾಲದ ಭತ್ತ ಹಳದಿಯಾಗುವುದು ಈ ಮಕ್ಕಳಿಗೆ ಗೊತ್ತು. ಸಾರಜನಕ ಸಿಗದಿದ್ದರೆ ನ್ಯಾನೋಕ್ಲೋರಾಪ್ಸಿಸ್‌ನಂಥ ಸಮುದ್ರದ ಶೈವಲವೂ ಬೆಳೆಯುವುದನ್ನು, ವಿಭಜನೆಯಾಗುವುದನ್ನು ನಿಧಾನಿಸುತ್ತದೆ. ಬಿಸಿಲಲ್ಲಿ ಬಂದ ಇಂಗಾಲವನ್ನು ಎಣ್ಣೆಯಾಗಿ ಕೂಡಿಡುತ್ತದೆ. ಹೆಚ್ಚು ಎಣ್ಣೆ ಬೇಕೆಂದರೆ ಬೆಳವಣಿಗೆ ಕಡಿಮೆ. ಇಂಧನಕ್ಕಾಗಿ ಶೈವಲ ಬೆಳೆಸುವವರಿಗೆ ಇದೇ ದೊಡ್ಡ ತೊಡಕು.

ಈ ಘಟಕವನ್ನು ತೆಗೆದುಕೊಳ್ಳುವ ಸಹಪಾಠಿಗಳಿಗೆ ನನ್ನ ಸಲಹೆ ಇಷ್ಟೇ: ಮೊದಲು ಗದ್ದೆಯ ಪಾಚಿ ತರಿಸಿ, ಅಯೋಡಿನ್ ಹಾಕಿಸಿ, ಆಮೇಲೆ ಸಮುದ್ರಕ್ಕೆ ಹೋಗಿ.