ಬಟಾಣಿ ಎಣಿಸಿದ ಮೇಷ್ಟ್ರು

ದ್ವಿತೀಯ ಪಿಯುಸಿಯ ಜೀವಶಾಸ್ತ್ರ ಪಾಠದಲ್ಲಿ ಗ್ರೆಗರ್ ಮೆಂಡೆಲ್ ಹೆಸರು ಬಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಒಂದು ಚೌಕ ಹಾಕಿ, 3:1 ಎಂದು ಬರೆದು ಮುಂದಿನ ಪುಟಕ್ಕೆ ಹೋಗಿಬಿಡುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಮೂರು ಮತ್ತು ಒಂದರ ಹಿಂದೆ ಒಬ್ಬರ ಎಂಟು ವರ್ಷಗಳ ದುಡಿಮೆ ಇದೆ. ಅದರ ಬಗ್ಗೆ ಬರೆಯಬೇಕೆಂದು ನನಗೆ ಅನಿಸಿದ್ದಕ್ಕೆ ಒಂದು ಕಾರಣವೂ ಇದೆ. ಮುಂದೆ ಹೇಳುತ್ತೇನೆ.

ಮೆಂಡೆಲ್ ಹುಟ್ಟಿದ್ದು 1822ರ ಜುಲೈಯಲ್ಲಿ, ಅಂದಿನ ಆಸ್ಟ್ರಿಯಾ ಸಾಮ್ರಾಜ್ಯದ ಒಂದು ಹಳ್ಳಿಯಲ್ಲಿ. ಈಗ ಅದು ಚೆಕ್ ಗಣರಾಜ್ಯಕ್ಕೆ ಸೇರಿದೆ. ಮನೆಯವರು ಇಟ್ಟ ಹೆಸರು ಯೋಹಾನ್. ತಂದೆ ರೈತ. 1838ರಲ್ಲಿ ಮರದ ದಿಮ್ಮಿ ಬಿದ್ದು ತಂದೆಗೆ ಬಲವಾದ ಪೆಟ್ಟಾಯಿತು, ಮನೆಯ ಆದಾಯ ಕುಸಿಯಿತು. ಹುಡುಗ ಬೇರೆ ಮಕ್ಕಳಿಗೆ ಟ್ಯೂಷನ್ ಹೇಳಿ ಓದು ಮುಂದುವರಿಸಿದ. ಅದೂ ಸಾಲದಾದಾಗ ತಂಗಿ ತೆರೇಸಿಯಾ ತನ್ನ ಮದುವೆಗೆಂದು ಮೀಸಲಿಟ್ಟಿದ್ದ ಹಣದಲ್ಲಿ ಒಂದು ಪಾಲನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. 1843ರಲ್ಲಿ ಮೆಂಡೆಲ್ ಬ್ರನೊ ನಗರದ ಕ್ರೈಸ್ತ ಮಠ ಸೇರಿದರು. ಗ್ರೆಗರ್ ಎಂಬ ಹೆಸರು ಬಂದದ್ದು ಅಲ್ಲಿ. ಆ ಮಠದಲ್ಲಿ ಗ್ರಂಥಾಲಯವಿತ್ತು, ತೋಟವಿತ್ತು, ಊಟದ ಚಿಂತೆ ಇರಲಿಲ್ಲ.

ಅವರಿಗೆ ಶಾಲೆಯಲ್ಲಿ ಪಾಠ ಹೇಳುವುದು ಇಷ್ಟ. ಆದರೆ 1850ರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆ ಬರೆದು ಫೇಲಾದರು. ಮಠದವರು ಅವರನ್ನು ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಭೌತಶಾಸ್ತ್ರದಲ್ಲಿ ಬರುವ ಡಾಪ್ಲರ್ ಪರಿಣಾಮದ ಡಾಪ್ಲರ್ ಅವರೇ ಅಲ್ಲಿ ಮೆಂಡೆಲ್‌ಗೆ ಮೇಷ್ಟ್ರು! 1856ರಲ್ಲಿ ಮತ್ತೆ ಪರೀಕ್ಷೆಗೆ ಕೂತರು, ಆಗಲೂ ಕೈಗೂಡಲಿಲ್ಲ. ಹಾಗಾಗಿ ವರ್ಷಗಟ್ಟಲೆ ಬದಲಿ ಶಿಕ್ಷಕರಾಗಿಯೇ ದುಡಿದರು. ಬಟಾಣಿ ಪ್ರಯೋಗ ಶುರುವಾದದ್ದೂ ಅದೇ 1856ರಲ್ಲಿ.

ಆ ಕಾಲದಲ್ಲಿ ತಂದೆತಾಯಿಯ ಗುಣಗಳು ಹಾಲಿಗೆ ಡಿಕಾಕ್ಷನ್ ಬೆರೆಸಿದ ಹಾಗೆ ಮಕ್ಕಳಲ್ಲಿ ಬೆರೆತುಹೋಗುತ್ತವೆ ಎಂದು ಅನೇಕರು ನಂಬಿದ್ದರು. ಬೆರೆತ ಕಾಫಿಯಿಂದ ಹಾಲನ್ನು ಮತ್ತೆ ಬೇರೆ ಮಾಡಲಾಗದು. ಮೆಂಡೆಲ್ ಇದನ್ನು ಮಾತಿನಲ್ಲಿ ವಾದಿಸದೆ ಎಣಿಸಿ ನೋಡಿದರು. ಬಟಾಣಿ ಮೊಗ್ಗನ್ನು ಬಿಡಿಸಿ, ಬಲಿಯುವ ಮೊದಲೇ ಕೇಸರಗಳನ್ನು ಕಿತ್ತು, ಇನ್ನೊಂದು ಗಿಡದ ಪರಾಗ ಸವರಿ, ಹೂವಿಗೆ ಚೀಲ ಕಟ್ಟುವುದು. ಇಂಥ ಕೆಲಸ ಎಂಟು ವರ್ಷ, ಸುಮಾರು 28,000 ಗಿಡಗಳು.

ಗುಂಡು ಬೀಜದ ತಳಿಯನ್ನು ಸುಕ್ಕು ಬೀಜದ ತಳಿಯೊಡನೆ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ಗುಂಡು. ಸುಕ್ಕು ಅಳಿದೇ ಹೋಯಿತು ಅನ್ನಬೇಕು. ಆ ಗಿಡಗಳನ್ನು ತಮ್ಮಷ್ಟಕ್ಕೆ ಬೀಜ ಕಟ್ಟಲು ಬಿಟ್ಟಾಗ ಸಿಕ್ಕ 7,324 ಬೀಜಗಳಲ್ಲಿ 5,474 ಗುಂಡು, 1,850 ಸುಕ್ಕು. ಸುಕ್ಕು ಒಂದಿಷ್ಟೂ ಕರಗದೆ ವಾಪಸು ಬಂದಿತ್ತು. ಅವರು ಅಲ್ಲಿಗೆ ನಿಲ್ಲಲಿಲ್ಲ. ಆ ಗುಂಡು ಬೀಜಗಳಿಂದ 565 ಗಿಡ ಬೆಳೆಸಿದರು. 193 ಗಿಡಗಳು ಬರೀ ಗುಂಡು ಬೀಜ ಕೊಟ್ಟವು, 372 ಗಿಡಗಳು ಎರಡನ್ನೂ ಕೊಟ್ಟವು. ಅಂದರೆ ಹೊರಗಿನಿಂದ ಒಂದೇ ಥರ ಕಾಣುವ ಮೂರರಲ್ಲಿ ಎರಡು, ಸುಕ್ಕಿನ ಅಂಶವನ್ನು ಒಳಗೆ ಹೊತ್ತಿದ್ದವು. ಒಂದೊಂದು ಗುಣಕ್ಕೂ ಎರಡು ಅಂಶ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಪ್ರಬಲವಾದರೆ ಇನ್ನೊಂದು ಅಡಗಿರುತ್ತದೆ. ಜೀನ್ ಎಂಬ ಪದ ಹುಟ್ಟಿದ್ದು ಆಮೇಲೆ.

ನನಗೆ ಬಹಳ ಹಿಡಿಸಿದ್ದು ನಾವು ಸಾಮಾನ್ಯವಾಗಿ ಗಮನಿಸದ ಇನ್ನೊಂದು ವಿಷಯ. ಮೆಂಡೆಲ್ ಪ್ರತಿ ಜೋಡಿಯನ್ನೂ ತಿರುವಿ ಹಾಕಿ ನೋಡಿದರು. ಒಮ್ಮೆ ಗುಂಡು ಬೀಜದ ಗಿಡ ತಾಯಿ, ಇನ್ನೊಮ್ಮೆ ಅದೇ ತಂದೆ. ಫಲಿತಾಂಶದಲ್ಲಿ ವ್ಯತ್ಯಾಸವೇ ಇಲ್ಲ.

ನಮ್ಮ ಬೀದಿಯ ಒಂದು ಮನೆಯಲ್ಲಿ ತಲಸ್ಸೀಮಿಯಾ ಇರುವ ಮಗುವಿದೆ. ಕೆಲವು ವಾರಗಳಿಗೊಮ್ಮೆ ರಕ್ತ ಹಾಕಿಸಬೇಕು. ತಂದೆತಾಯಿ ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ. ಆದರೂ ಮಾತು ಬರುವುದು ತಾಯಿಗೆ, ಅವಳ ತವರಿಗೆ. ನಮ್ಮ ನಾನಿಯೂ ಹಾಗೇ ಹೇಳುತ್ತಿದ್ದರು. ನಾನು ನೋಟ್‌ಬುಕ್ಕಿನಲ್ಲಿ ಆ ಚೌಕ ಬರೆದು ತೋರಿಸಿದೆ: ಅಡಗಿದ ಅಂಶ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದಾಗ ಮಾತ್ರ ಈ ಕಾಯಿಲೆ ಇಷ್ಟು ತೀವ್ರವಾಗುತ್ತದೆ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಒಂದು ಮಗುವಿಗೆ ಬಂತು, ಇನ್ನು ಮೂರಕ್ಕೆ ಬಾರದು ಎಂಬ ಲೆಕ್ಕ ಇಲ್ಲಿ ನಡೆಯದು. ಸಂಬಂಧದಲ್ಲೇ ಮದುವೆಯಾದರೆ ಇಬ್ಬರಿಗೂ ಒಂದೇ ಹಿರಿಯರಿಂದ ಅದೇ ಅಂಶ ಬಂದಿರುವ ಸಂಭವ ಹೆಚ್ಚು. ವಾಹಕರೋ ಅಲ್ಲವೋ ಎಂದು ಮದುವೆಗೆ ಮೊದಲೇ ರಕ್ತಪರೀಕ್ಷೆಯಿಂದ ತಿಳಿಯಬಹುದು. ನಾನಿ ಚೌಕವನ್ನು ಬಹಳ ಹೊತ್ತು ನೋಡಿ, ಹಾಗಾದರೆ ಹುಡುಗನಿಗೂ ಪರೀಕ್ಷೆ ಮಾಡಿಸಬೇಕಲ್ಲ ಎಂದರು.

(ಎಲ್ಲ ಗುಣಗಳೂ ಇಷ್ಟು ಸರಳವಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ಎತ್ತರ, ಮೈಬಣ್ಣಗಳ ಹಿಂದೆ ಅನೇಕ ಜೀನ್‌ಗಳಿವೆ, ಎತ್ತರಕ್ಕಂತೂ ಊಟದ ಪಾತ್ರವೂ ಇದೆ. ಬಟಾಣಿಯ ಲೆಕ್ಕ ಅಲ್ಲಿ ನೇರವಾಗಿ ಕೂರುವುದಿಲ್ಲ.)

1865ರ ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ ಬ್ರನೊದ ನಿಸರ್ಗ ವಿಜ್ಞಾನ ಸಂಘದಲ್ಲಿ ಮೆಂಡೆಲ್ ತಮ್ಮ ಪ್ರಬಂಧ ಓದಿದರು. ಮರುವರ್ಷ ಅದು ಅಚ್ಚಾಯಿತು. ಅದರ ಮಹತ್ವ ಯಾರಿಗೂ ಹೊಳೆಯಲಿಲ್ಲ. ನೇಗೆಲಿ ಎಂಬ ಹೆಸರಾಂತ ಸಸ್ಯಶಾಸ್ತ್ರಜ್ಞರಿಗೆ ಪತ್ರ ಬರೆದರು. ಆಮೇಲೆ ನೇಗೆಲಿಯವರ ಅಧ್ಯಯನದ ಗಿಡವಾಗಿದ್ದ ಹಾಕ್‌ವೀಡ್ ಮೇಲೆ ಕೈಯಾಡಿಸಿದರೆ, ಅದು ಬಹುಪಾಲು ಪರಾಗದ ಹಂಗಿಲ್ಲದೆ ಬೀಜ ಕಟ್ಟುವ ಗಿಡ! ಲೆಕ್ಕ ತಾಳೆಯಾಗುವುದು ಎಲ್ಲಿಂದ? 1868ರಲ್ಲಿ ಮಠದ ಮುಖ್ಯಸ್ಥರಾದರು. ಆಮೇಲೆ ಆಡಳಿತ, ಮಠದ ಮೇಲಿನ ತೆರಿಗೆಯ ವಿಚಾರವಾಗಿ ಸರ್ಕಾರದೊಡನೆ ಜಗಳ. 1884ರ ಜನವರಿ 6ರಂದು ತೀರಿಕೊಂಡರು. ಅವರ ಬರಹದ ಕಾಗದಗಳಲ್ಲಿ ಬಹುಪಾಲು ಸುಟ್ಟುಹೋದವು. 1900ರಲ್ಲಿ ಡಿ ವ್ರೀಸ್, ಕಾರೆನ್ಸ್, ಚೆರ್ಮಾಕ್ ಬೇರೆ ಬೇರೆಯಾಗಿ ಇದೇ ದಾರಿ ಹಿಡಿದು ಹೊರಟಾಗ, ಮೂವತ್ತನಾಲ್ಕು ವರ್ಷ ಹಿಂದಿನ ಆ ಪ್ರಬಂಧ ಸಿಕ್ಕಿತು.

ತಂಗಿ ತೆರೇಸಿಯಾಗೆ ಮೂವರು ಗಂಡುಮಕ್ಕಳು. ಅವರ ಓದಿನ ಖರ್ಚಿಗೆ ಮೆಂಡೆಲ್ ನೆರವಾದರು. ಅವರಲ್ಲಿ ಇಬ್ಬರು ವೈದ್ಯರಾದರು.