ದ್ರಾಕ್ಷಿ ರಸ ಮತ್ತು ಲೂಯಿ ಪಾಶ್ಚರ್

ಸೆಪ್ಟೆಂಬರ್ 28 ಲೂಯಿ ಪಾಶ್ಚರ್ ಅವರು ತೀರಿಕೊಂಡ ದಿನ. ಸಿರುಮುಗೈ, ಮೆಟ್ಟುಪಾಳಯಂ ಕಡೆಯ ನಮಗೆ ಈ ಹೆಸರು ದೂರದ್ದಲ್ಲ. ಘಟ್ಟ ಹತ್ತಿದರೆ ಕೂನೂರಿನಲ್ಲಿ 1907ರಿಂದ ಅವರ ಹೆಸರಿನ ಸಂಸ್ಥೆಯಿದೆ. ಹುಚ್ಚುನಾಯಿ ಕಡಿತದ ಲಸಿಕೆಯಿಂದ ಅವರನ್ನು ಬಲ್ಲೆವು. ಮನೆಯಲ್ಲಿ ಮಾಡಿಡುವ ದ್ರಾಕ್ಷಿ ರಸ ಕೆಡದಿರುವುದರ ಹಿಂದೆಯೂ ಅವರ ದುಡಿಮೆಯಿದೆ.

ಪಾಶ್ಚರ್ ಅವರು 1822ರ ಡಿಸೆಂಬರ್ 27ರಂದು ಫ್ರಾನ್ಸಿನ ದೋಲ್ ಪಟ್ಟಣದ ಕಥೋಲಿಕ ಕುಟುಂಬದಲ್ಲಿ ಹುಟ್ಟಿದರು. ತಂದೆ ಚರ್ಮ ಹದ ಮಾಡುವವರು. ಬೆಳೆದದ್ದು ದ್ರಾಕ್ಷಿ ತೋಟಗಳ ಊರು ಆರ್ಬುವಾದಲ್ಲಿ.

ಆ ಕಾಲದಲ್ಲಿ ಫ್ರಾನ್ಸಿನ ದ್ರಾಕ್ಷಾರಸ ಪೀಪಾಯಿಯಲ್ಲೇ ಹುಳಿಯಾಗಿ, ಕಹಿಯಾಗಿ ಬೆಳೆಗಾರರಿಗೆ ನಷ್ಟವಾಗುತ್ತಿತ್ತು. ಕಾರಣ ಹುಡುಕುವಂತೆ 1863ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ಪಾಶ್ಚರ್ ಅವರನ್ನು ಕೇಳಿಕೊಂಡರು. ಕೆಡಿಸುವುದು ಕಣ್ಣಿಗೆ ಕಾಣದ ಜೀವಿಗಳೆಂದೂ, 50ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಮಾಡಿದರೆ ದ್ರಾಕ್ಷಾರಸ ಉಳಿಯುತ್ತದೆಂದೂ ಅವರು ತೋರಿಸಿದರು. ಬಾಟಲಿಯನ್ನು ಮುಚ್ಚಿ ಕುದಿನೀರಿನಲ್ಲಿಡುವ ಕ್ರಮವನ್ನು ನಿಕೊಲಾ ಅಪೇರ್ ಎಂಬ ಮಿಠಾಯಿಗಾರ 1810ರಲ್ಲೇ ಪುಸ್ತಕವಾಗಿ ಬರೆದಿದ್ದರು. ಅದು ಏಕೆ ಫಲಿಸುತ್ತದೆಂದು ತಿಳಿಸಿಕೊಟ್ಟವರು ಪಾಶ್ಚರ್.

ಈ ವರ್ಷಗಳಲ್ಲಿ ಅವರ ಮನೆ ದುಃಖದ ಮನೆಯಾಗಿತ್ತು. 1859ರಲ್ಲಿ ಒಂಬತ್ತು ವರ್ಷದ ಮಗಳು ಜೀನ್ ಟೈಫಾಯ್ಡ್‌ನಿಂದ ತೀರಿಕೊಂಡಳು. 1865ರಲ್ಲಿ ಎರಡು ವರ್ಷದ ಕಮೀಲ್, ಮರುವರ್ಷ ಹನ್ನೆರಡು ವರ್ಷದ ಸೆಸಿಲ್ ಹೋದರು. ಸೆಸಿಲ್‌ಳನ್ನು ಕೊಂಡೊಯ್ದದ್ದೂ ಟೈಫಾಯ್ಡ್. 1868ರಲ್ಲಿ ಪಾರ್ಶ್ವವಾಯು ಬಡಿದು ಪಾಶ್ಚರ್ ಅವರ ಎಡಭಾಗ ಸ್ವಾಧೀನ ತಪ್ಪಿತು. ಆದರೂ ಕೆಲಸ ನಿಲ್ಲಲಿಲ್ಲ.

1878ರಲ್ಲಿ ಆರ್ಬುವಾದ ತೋಟದಲ್ಲಿ, ಹಣ್ಣು ಇನ್ನೂ ಕಾಯಾಗಿದ್ದಾಗಲೇ ಬಳ್ಳಿಗಳಿಗೆ ಗಾಜಿನ ಮನೆ ಕಟ್ಟಿ, ಕೆಲವು ಗೊಂಚಲುಗಳಿಗೆ ಹತ್ತಿ ಸುತ್ತಿದರು. ಹೀಗೆ ಕಾಪಾಡಿದ ಹಣ್ಣನ್ನು ಹಿಂಡಿದರೆ ರಸ ಹುದುಗಲಿಲ್ಲ. ಹುದುಗು ಹಣ್ಣಿನ ಒಳಗಿನದಲ್ಲ, ಹೊರಗಿನಿಂದ ಬಂದು ಸಿಪ್ಪೆಗೆ ಅಂಟುವುದು ಎಂಬುದು ಸ್ಪಷ್ಟವಾಯಿತು.

1885ರ ಜುಲೈ 6ರಂದು ಹುಚ್ಚುನಾಯಿ ಕಡಿದಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಕೊಡಿಸಿದರು, ಹುಡುಗ ಉಳಿದ. ಮಕ್ಕಳನ್ನು ಕಳೆದುಕೊಂಡ ತಂದೆ ಇನ್ನೊಬ್ಬ ತಾಯಿಯ ಮಗುವನ್ನು ಉಳಿಸಿಕೊಟ್ಟರು. 1895ರಲ್ಲಿ ಅವರು ನಿಧನರಾದಾಗ ಅಂತ್ಯಸಂಸ್ಕಾರದ ಬಲಿಪೂಜೆ ಪ್ಯಾರಿಸ್ಸಿನ ನೋತ್ರ್ ದಾಮ್ ಪ್ರಧಾನಾಲಯದಲ್ಲಿ ನಡೆಯಿತು.

ನಮ್ಮ ಮನೆಗಳಲ್ಲಿ ರಸ ಮಾಡುವಾಗ ಅವರ ಪಾಠ ನೆನಪಿರಲಿ. ಪನ್ನೀರು ದ್ರಾಕ್ಷಿಯ ಕಾವು ತೆಗೆದು, ಕೊಳೆತದ್ದನ್ನು ಬಿಸಾಡಿ, ಚೆನ್ನಾಗಿ ತೊಳೆಯೋಣ. ಸ್ವಲ್ಪ ನೀರಿನಲ್ಲಿ ಸಿಪ್ಪೆ ಬಿರಿಯುವಷ್ಟು ಬೇಯಿಸಿ, ಶುದ್ಧ ಬಟ್ಟೆಯಲ್ಲಿ ಸೋಸಿ, ರಾತ್ರಿ ಫ್ರಿಜ್ಜಿನಲ್ಲಿಟ್ಟು ತಿಳಿಯನ್ನು ಬಗ್ಗಿಸಿಕೊಳ್ಳೋಣ. ಬೇಕಿದ್ದಷ್ಟು ಸಕ್ಕರೆ ಸೇರಿಸಿ ಒಂದು ಕುದಿ ಬರಿಸಿ, ಕುದಿನೀರಿನಿಂದ ತೆಗೆದ ಬಿಸಿ ಗಾಜಿನ ಬಾಟಲಿಗಳಿಗೆ ತುಂಬಿ ಬಿಗಿಯಾಗಿ ಮುಚ್ಚೋಣ. ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಮುಚ್ಚಳ ಮುಳುಗುವಷ್ಟು ಕುದಿನೀರಿನಲ್ಲಿ ಹತ್ತು ನಿಮಿಷ ಬಾಟಲಿಗಳನ್ನು ಇಡೋಣ. ತೆರೆದಾಗ ನೊರೆಯೋ ಬೂಷ್ಟೋ ಕಂಡರೆ ಮಕ್ಕಳಿಗೆ ಕೊಡದೆ ಚೆಲ್ಲಿಬಿಡೋಣ. ಈ ರಸ ನಮ್ಮ ಊಟದ ಮೇಜಿಗೆ. ಬಲಿಪೀಠದ ದ್ರಾಕ್ಷಾರಸವೇ ಬೇರೆ.

ಕೈ ತೊಳೆದು, ಬಾಟಲಿ ಕುದಿಸಿ, ಮನೆಮಂದಿಗೆ ಕೆಡದ ರಸ ಕೊಡುವುದೂ ಒಂದು ಪ್ರೀತಿಯ ಸೇವೆ. ಈ ಸೆಪ್ಟೆಂಬರಿನಲ್ಲಿ ಪಾಶ್ಚರ್ ಅವರಿಗಾಗಿ, ಕೂನೂರಿನಲ್ಲಿ ಲಸಿಕೆಗಾಗಿ ದುಡಿಯುವವರಿಗಾಗಿ, ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರಿಗಾಗಿ ಪ್ರಾರ್ಥಿಸೋಣ.